ಮಾರ್ತಾ ಅವರು ಇಷ್ಟೊಂದು ಕ್ಲಬ್‌ಗಳನ್ನು ಬದಲಿಸಿದ್ದೇಕೆ?

ಪ್ರಶ್ನೆ:

ಬ್ರೆಜಿಲ್‌ನ ಫುಟ್‌ಬಾಲ್ ಆಟಗಾರ್ತಿ ಮಾರ್ತಾ ಅವರ ವೃತ್ತಿಜೀವನದ ವಿವರಗಳನ್ನು ಒಂದೆಡೆ ಕಲೆಹಾಕಿ ಓದುತ್ತಿದ್ದಾಗ ನನಗೊಂದು ಸಂದೇಹ ಹುಟ್ಟಿತು. 2006ರಿಂದ 2010ರವರೆಗೆ ಸತತ ಐದು ವರ್ಷ ಫಿಫಾದ ವರ್ಷದ ಶ್ರೇಷ್ಠ ಆಟಗಾರ್ತಿ ಎನಿಸಿಕೊಂಡು, 2018ರಲ್ಲಿ ಆರನೆಯ ಬಾರಿಗೆ ಅದೇ ಗೌರವಕ್ಕೆ ಪಾತ್ರರಾದವರು ಅವರು. ಆದರೆ ಅವರು ಆಡಿದ ಕ್ಲಬ್‌ಗಳ ಪಟ್ಟಿಯನ್ನು ನೋಡಿದರೆ ಎಲ್ಲಿಯೂ ನೆಲೆ ನಿಲ್ಲದವರ ಪಟ್ಟಿಯಂತೆ ಕಾಣುತ್ತದೆ. 2009ರಿಂದ 2012ರವರೆಗಂತೂ ವರ್ಷಕ್ಕೊಂದು ಹೊಸ ಕ್ಲಬ್ಬಿನ ಹೆಸರು ಬರುತ್ತದೆ. ಪುರುಷರ ಫುಟ್‌ಬಾಲಿನಲ್ಲಿ ಈ ಎತ್ತರದ ಆಟಗಾರನೊಬ್ಬ ತನ್ನ ಆಟದ ಉತ್ತುಂಗದಲ್ಲಿರುವಾಗ ಹೀಗೆ ಅಲೆದದ್ದನ್ನು ನಾನು ಕಂಡಿಲ್ಲ. ಇದಕ್ಕೆ ಅವರ ಸ್ವಭಾವ ಕಾರಣವೋ, ಸಂಬಳದ ವಿಚಾರ ಕಾರಣವೋ?

ಇದರ ಜೊತೆಗೆ ಇನ್ನೊಂದು ಪ್ರಶ್ನೆಯೂ ಇದೆ. ವಿಶ್ವಕಪ್ಪನ್ನಾಗಲಿ ಒಲಿಂಪಿಕ್ ಚಿನ್ನವನ್ನಾಗಲಿ ಒಮ್ಮೆಯೂ ಗೆಲ್ಲದವರನ್ನು ಸಾರ್ವಕಾಲಿಕ ಶ್ರೇಷ್ಠರೆಂದು ಕರೆಯುವುದು ಎಷ್ಟರಮಟ್ಟಿಗೆ ಸರಿ? ತಿಳಿದವರು ವಿವರಿಸಬೇಕಾಗಿ ವಿನಂತಿ.

ಮೊದಲ ಉತ್ತರ:

ಆ ಪಟ್ಟಿಯ ಪಕ್ಕದಲ್ಲಿ ಇನ್ನೊಂದು ಪಟ್ಟಿಯನ್ನು ಇಟ್ಟು ನೋಡಿ: ಯಾವ ಕ್ಲಬ್ ಯಾವ ವರ್ಷ ಬಾಗಿಲು ಹಾಕಿತು ಎಂಬುದನ್ನು. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ಅಲ್ಲೇ ಸಿಗುತ್ತದೆ.

ಮಾರ್ತಾ ಹುಟ್ಟಿದ್ದು 1986ರ ಫೆಬ್ರುವರಿ 19ರಂದು, ಬ್ರೆಜಿಲ್‌ನ ಈಶಾನ್ಯ ಭಾಗದ ಅಲಗೋವಾಸ್ ರಾಜ್ಯದ ದೋಯಿಸ್ ರಿಯಾಚೋಸ್ ಎಂಬ ಚಿಕ್ಕ ಊರಿನಲ್ಲಿ. ಅವರು ಕೂಸಾಗಿದ್ದಾಗಲೇ ತಂದೆ ಮನೆ ಬಿಟ್ಟಿದ್ದರಿಂದ ಮಕ್ಕಳನ್ನು ಸಾಕುವ ಹೊಣೆ ತಾಯಿಯ ಮೇಲೆ ಬಿದ್ದಿತ್ತು. ಹುಡುಗರ ಜೊತೆ ಆಡುತ್ತಲೇ ಬೆಳೆದ ಅವರು ಹದಿನಾಲ್ಕರ ವಯಸ್ಸಿನಲ್ಲಿ ಮೂರು ದಿನಗಳ ಬಸ್ ಪ್ರಯಾಣ ಮಾಡಿ ರಿಯೊ ಡಿ ಜನೈರೊ ತಲುಪಿ, ವಾಸ್ಕೊ ಡ ಗಾಮಾ ಕ್ಲಬ್ಬಿನಲ್ಲಿ ಪರೀಕ್ಷೆಗೆ ನಿಂತರು. ಅಲ್ಲಿ ಅವರ ಪ್ರತಿಭೆಯನ್ನು ಗುರುತಿಸಿದವರು ಹೆಲೆನಾ ಪಚೆಕೊ ಎಂಬ ತರಬೇತುದಾರ್ತಿ. ಆದರೆ ಎರಡೇ ವರ್ಷಗಳಲ್ಲಿ ಅವರು ಆ ಕ್ಲಬ್ಬನ್ನು ಬಿಟ್ಟು ಮಿನಾಸ್ ಜೆರಾಯಿಸ್ ರಾಜ್ಯದ ಸಾಂತಾ ಕ್ರೂಸ್ ಎಂಬ ಸಣ್ಣ ತಂಡಕ್ಕೆ ಹೋಗಬೇಕಾಯಿತು. ಅಂದಿನ ಬ್ರೆಜಿಲ್‌ನಲ್ಲಿ ಮಹಿಳಾ ತಂಡವೆಂದರೆ ಕ್ಲಬ್ಬಿನ ಆಡಳಿತಕ್ಕೆ ಯಾವಾಗ ಬೇಕಾದರೂ ಕೈಬಿಡಬಹುದಾದ ಖರ್ಚಾಗಿತ್ತು.

ಹದಿನೆಂಟರ ಹೊತ್ತಿಗೆ, ಅಂದರೆ 2004ರಲ್ಲಿ, ಅವರು ಸ್ವೀಡನ್ನಿನ ಉತ್ತರ ಭಾಗದ ಉಮಿಯೊ ಕ್ಲಬ್ ಸೇರಿದರು. ನೆಲೆ ನಿಲ್ಲದ ಸ್ವಭಾವ ಎಂಬ ಊಹೆಗೆ ಇಲ್ಲೇ ಪೆಟ್ಟು ಬೀಳುತ್ತದೆ, ಏಕೆಂದರೆ ಕ್ಲಬ್ ಗಟ್ಟಿಯಾಗಿದ್ದ ಕಡೆ ಅವರು ಐದು ಋತುಗಳ ಕಾಲ ಅಲ್ಲಾಡದೆ ಉಳಿದರು. ಬಂದ ವರ್ಷವೇ ತಂಡ ಜರ್ಮನಿಯ ಫ್ರಾಂಕ್‌ಫರ್ಟ್ ತಂಡವನ್ನು ಎರಡು ಪಂದ್ಯಗಳ ಫೈನಲ್‌ನಲ್ಲಿ ಒಟ್ಟು 8–0ರಿಂದ ಸೋಲಿಸಿ ಯುರೋಪಿನ ಕ್ಲಬ್ ಪ್ರಶಸ್ತಿಯನ್ನು ಗೆದ್ದಿತು. 2005ರಿಂದ 2008ರವರೆಗೆ ಸತತ ನಾಲ್ಕು ಬಾರಿ ಸ್ವೀಡನ್ನಿನ ಲೀಗ್ ಪ್ರಶಸ್ತಿಯೂ ಅವರ ತಂಡದ ಪಾಲಾಯಿತು.

ನೀವು ಹೇಳಿದ ಅಲೆದಾಟ ಶುರುವಾದದ್ದು ಅಮೆರಿಕದಲ್ಲಿ. ಅಲ್ಲಿ 2009ರಲ್ಲಿ ವಿಮೆನ್ಸ್ ಪ್ರೊಫೆಷನಲ್ ಸಾಕರ್ ಎಂಬ ಹೊಸ ಲೀಗ್ ಆರಂಭವಾದಾಗ ಮಾರ್ತಾ ಅದರ ಅತಿ ದೊಡ್ಡ ಆಕರ್ಷಣೆಯಾಗಿದ್ದರು. ಮೊದಲ ವರ್ಷ ಅವರು ಆಡಿದ ಲಾಸ್ ಏಂಜಲಿಸ್ ಸೋಲ್ ತಂಡ ಲೀಗ್ ಹಂತದಲ್ಲಿ ಅಗ್ರಸ್ಥಾನ ಪಡೆದು ಫೈನಲ್‌ವರೆಗೂ ಹೋಯಿತು, ಮರುವರ್ಷದ ಆರಂಭದಲ್ಲೇ ಮುಚ್ಚಿಹೋಯಿತು. 2010ರಲ್ಲಿ ಅವರು ಸೇರಿದ ಎಫ್‌ಸಿ ಗೋಲ್ಡ್ ಪ್ರೈಡ್ ಫೈನಲ್‌ನಲ್ಲಿ 4–0ರಿಂದ ಗೆದ್ದು ಚಾಂಪಿಯನ್ ಆಯಿತು, ಗೆದ್ದ ಕೆಲವೇ ವಾರಗಳಲ್ಲಿ ಅದೂ ಮುಚ್ಚಿತು. 2011ರಲ್ಲಿ ವೆಸ್ಟರ್ನ್ ನ್ಯೂಯಾರ್ಕ್ ಫ್ಲಾಶ್ ತಂಡದೊಂದಿಗೆ ಮತ್ತೆ ಚಾಂಪಿಯನ್ ಪಟ್ಟ ಬಂತು, 2012ರಲ್ಲಿ ಲೀಗೇ ನಿಂತುಹೋಯಿತು. ಸ್ವೀಡನ್ನಿಗೆ ಮರಳಿ ತೀರೆಸೊ ಎಂಬ ಕ್ಲಬ್ ಸೇರಿದರೆ ಅಲ್ಲಿಯೂ ಅದೇ ಕಥೆ ಮರುಕಳಿಸಿತು. 2014ರ ಮೇ ತಿಂಗಳಲ್ಲಿ ಲಿಸ್ಬನ್‌ನಲ್ಲಿ ನಡೆದ ಯುರೋಪಿನ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಮಾರ್ತಾ ಎರಡು ಗೋಲು ಗಳಿಸಿದರೂ ತಂಡ ವೋಲ್ಫ್ಸ್‌ಬರ್ಗ್ ಎದುರು 4–3ರಿಂದ ಸೋತಿತು. ಅಷ್ಟರಲ್ಲಾಗಲೇ ಹಣವಿಲ್ಲದೆ ಕುಸಿದಿದ್ದ ಕ್ಲಬ್, ಮರುತಿಂಗಳೇ ಲೀಗಿನಿಂದ ಹೊರಬಿತ್ತು.

ಇನ್ನು ಸಂಬಳದ ವಿಚಾರ. ಮಾರ್ತಾ ಮಹಿಳಾ ಫುಟ್‌ಬಾಲಿನ ಅತಿ ದುಬಾರಿ ಆಟಗಾರ್ತಿಯರಲ್ಲಿ ಒಬ್ಬರಾಗಿದ್ದರೆಂಬುದು ನಿಜ. ಆ ಸಂಬಳ ಕೊಡಬಲ್ಲ ಕ್ಲಬ್‌ಗಳು ಬೆರಳೆಣಿಕೆಯಷ್ಟಿದ್ದವು, ಮತ್ತು ಅಂಥ ಕ್ಲಬ್‌ಗಳು ಬಹುಪಾಲು ಒಬ್ಬಿಬ್ಬರು ಮಾಲೀಕರ ಇಲ್ಲವೇ ಪ್ರಾಯೋಜಕರ ಉತ್ಸಾಹದ ಮೇಲೆ ನಿಂತಿದ್ದವು ಎಂಬುದೂ ಅಷ್ಟೇ ನಿಜ. 2014ರಿಂದ ಸ್ವೀಡನ್ನಿನ ರೂಸೆನ್‌ಗಾರ್ಡ್ ಕ್ಲಬ್ಬಿನಲ್ಲಿ, 2017ರಿಂದ ಅಮೆರಿಕದ ಒರ್ಲಾಂಡೊ ಪ್ರೈಡ್‌ನಲ್ಲಿ ಅವರು ಎಷ್ಟು ಕಾಲ ನೆಲೆ ನಿಂತಿದ್ದಾರೆಂಬುದನ್ನೂ ಗಮನಿಸಿ.

ಎರಡನೆಯ ಉತ್ತರ:

ಮೇಲಿನವರು ಕ್ಲಬ್‌ಗಳ ವಿಚಾರವನ್ನು ಚೆನ್ನಾಗಿ ಬಿಡಿಸಿ ಹೇಳಿರುವುದರಿಂದ ನಾನು ಎರಡನೆಯ ಪ್ರಶ್ನೆಯನ್ನಷ್ಟೇ ಎತ್ತಿಕೊಳ್ಳುತ್ತೇನೆ.

2007ರ ಸೆಪ್ಟೆಂಬರ್ 27ರಂದು ಚೀನಾದ ಹಾಂಗ್‌ಝೌ ನಗರದಲ್ಲಿ ನಡೆದ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಬ್ರೆಜಿಲ್ ಬಲಿಷ್ಠ ಅಮೆರಿಕವನ್ನು 4–0ರಿಂದ ಮಣಿಸಿತು. ಅದರ ನಾಲ್ಕನೆಯ ಗೋಲನ್ನು ಒಮ್ಮೆ ನಿಧಾನಗತಿಯಲ್ಲಿ ನೋಡಿ. ಪೆನಾಲ್ಟಿ ಆವರಣದ ಎಡ ಅಂಚಿನಲ್ಲಿ ಮಾರ್ತಾ ಗೋಲುಪೆಟ್ಟಿಗೆಗೆ ಬೆನ್ನು ಮಾಡಿ ನಿಂತಿದ್ದಾರೆ, ಬೆನ್ನಿಗೆ ಅಂಟಿಕೊಂಡಂತೆ ಡಿಫೆಂಡರ್ ಒಬ್ಬರಿದ್ದಾರೆ. ಬಂದ ಚೆಂಡನ್ನು ಮಾರ್ತಾ ಹಿಂದಕ್ಕೆ, ಆ ಡಿಫೆಂಡರ್‌ನ ಒಂದು ಪಕ್ಕಕ್ಕೆ ಜಾರಿಸಿ, ತಾವು ಇನ್ನೊಂದು ಪಕ್ಕದಿಂದ ಸುತ್ತಿ ಓಡಿ ಅದೇ ಚೆಂಡನ್ನು ಮತ್ತೆ ಹಿಡಿಯುತ್ತಾರೆ; ಎದುರಾದ ಎರಡನೆಯ ಡಿಫೆಂಡರ್ ಕಾಲು ಚಾಚುವಷ್ಟರಲ್ಲಿ ಚೆಂಡಿನ ದಿಕ್ಕು ಬದಲಿಸಿ ಗೋಲಿಗೆ ಹೊಡೆಯುತ್ತಾರೆ. ಮೊದಲ ಡಿಫೆಂಡರ್ ತಿರುಗಿ ನೋಡುವ ವೇಳೆಗೆ ಮಾರ್ತಾ ಅಲ್ಲಿಲ್ಲ. ಆ ಟೂರ್ನಿಯಲ್ಲಿ ಅವರು ಏಳು ಗೋಲು ಗಳಿಸಿ, ಶ್ರೇಷ್ಠ ಆಟಗಾರ್ತಿಗೆ ಕೊಡುವ ಚಿನ್ನದ ಚೆಂಡು, ಅತಿ ಹೆಚ್ಚು ಗೋಲಿಗೆ ಕೊಡುವ ಚಿನ್ನದ ಬೂಟು ಎರಡನ್ನೂ ಪಡೆದರು.

ಆದರೆ ಶಾಂಘೈಯ ಫೈನಲ್‌ನಲ್ಲಿ ಜರ್ಮನಿ 2–0ರಿಂದ ಗೆದ್ದಿತು. ಬ್ರೆಜಿಲ್ ಒಂದು ಗೋಲಿನಿಂದ ಹಿಂದಿದ್ದಾಗ ದೊರೆತ ಪೆನಾಲ್ಟಿಯನ್ನು ಹೊಡೆದವರು ಮಾರ್ತಾ, ತಡೆದವರು ಜರ್ಮನಿಯ ಗೋಲ್‌ಕೀಪರ್ ನಾಡಿನ್ ಆಂಗರರ್. ಆ ಇಡೀ ವಿಶ್ವಕಪ್ಪಿನಲ್ಲಿ ಜರ್ಮನಿ ಒಂದೇ ಒಂದು ಗೋಲನ್ನೂ ಬಿಟ್ಟುಕೊಡಲಿಲ್ಲ. 2004, 2008 ಮತ್ತು 2024ರ ಒಲಿಂಪಿಕ್ಸ್‌ಗಳಲ್ಲಿ ಮೂರು ಬೆಳ್ಳಿ ಪದಕಗಳು ಬಂದವು, ಮೂರೂ ಫೈನಲ್‌ಗಳಲ್ಲಿ ಸೋಲಿಸಿದ್ದು ಅಮೆರಿಕವೇ. 2011ರ ವಿಶ್ವಕಪ್ ಕ್ವಾರ್ಟರ್‌ಫೈನಲ್‌ನಲ್ಲಿ ಮಾರ್ತಾ ಎರಡು ಗೋಲು ಹೊಡೆದ ಮೇಲೂ, ಹೆಚ್ಚುವರಿ ಸಮಯದ ಕೊನೆಯ ಗಳಿಗೆಯಲ್ಲಿ ಅಮೆರಿಕದ ಆಬಿ ವಾಂಬಾಕ್ ತಲೆಯಿಂದ ಗೋಲು ಬಾರಿಸಿ ಸಮ ಮಾಡಿದರು, ಬ್ರೆಜಿಲ್ ಶೂಟೌಟ್‌ನಲ್ಲಿ ಸೋತಿತು.

ಇಷ್ಟಿದ್ದೂ ವಿಶ್ವಕಪ್ ಪಂದ್ಯಗಳಲ್ಲಿ ಅವರ ಗೋಲುಗಳು 17. ಪುರುಷರ ವಿಶ್ವಕಪ್ಪಿನಲ್ಲಿ ಜರ್ಮನಿಯ ಮಿರೊಸ್ಲಾವ್ ಕ್ಲೋಸ ಗಳಿಸಿದ 16 ಗೋಲುಗಳನ್ನು ಅವರು 2019ರಲ್ಲಿ ಇಟಲಿ ವಿರುದ್ಧ ಹಿಂದೆ ಹಾಕಿದರು. ಅದೇ ಟೂರ್ನಿಯಲ್ಲಿ, ಐದು ವಿಶ್ವಕಪ್‌ಗಳಲ್ಲಿ ಗೋಲು ಗಳಿಸಿದ ಮೊದಲಿಗರೂ ಆದರು. ಹನ್ನೊಂದು ಜನರ ಆಟದಲ್ಲಿ ಕಪ್ ಇಲ್ಲವೆಂಬ ಕೊರತೆಯನ್ನು ಒಬ್ಬರ ಲೆಕ್ಕಕ್ಕೆ ಬರೆಯುವ ರೂಢಿಯನ್ನು ನಾನಂತೂ ಒಪ್ಪುವುದಿಲ್ಲ.

ಮೂರನೆಯ ಉತ್ತರ:

ಎರಡೂ ಉತ್ತರಗಳಿಗೆ ಆಧಾರವಾಗಿರುವ ಒಂದು ಇತಿಹಾಸವಿದೆ, ಅದನ್ನು ಹೇಳದಿದ್ದರೆ ಚಿತ್ರ ಪೂರ್ತಿಯಾಗುವುದಿಲ್ಲ. ಬ್ರೆಜಿಲ್‌ನಲ್ಲಿ ಗೆಟೂಲಿಯೊ ವಾರ್ಗಾಸ್ ಸರ್ಕಾರ 1941ರಲ್ಲಿ ಹೊರಡಿಸಿದ ಕ್ರೀಡಾ ಕಾನೂನು, ಹೆಣ್ಣಿನ ಪ್ರಕೃತಿಗೆ ಒಗ್ಗದ ಆಟಗಳನ್ನು ಮಹಿಳೆಯರು ಆಡಕೂಡದೆಂದು ನಿಷೇಧಿಸಿತು. ಫುಟ್‌ಬಾಲ್ ಆ ನಿಷೇಧದೊಳಗೆ ಸೇರಿತ್ತು. ಅದು ರದ್ದಾದದ್ದು 1979ರಲ್ಲಿ, ಅಂದರೆ ಮಾರ್ತಾ ಹುಟ್ಟುವುದಕ್ಕೆ ಏಳು ವರ್ಷ ಮೊದಲು. ಪೆಲೆಯ ತಂಡ 1958, 1962 ಮತ್ತು 1970ರ ಕಪ್‌ಗಳನ್ನು ಗೆದ್ದಾಗ ಅದೇ ದೇಶದ ಹೆಣ್ಣುಮಕ್ಕಳು ಚೆಂಡು ಒದ್ದರೆ ಅದು ಕಾನೂನಿಗೆ ವಿರುದ್ಧವಾಗಿತ್ತು. ಲೀಗ್, ತರಬೇತುದಾರರು, ಮೈದಾನ, ಪ್ರಾಯೋಜಕರು ಎಲ್ಲವೂ ಕಟ್ಟಿಕೊಳ್ಳಲು ಬೇಕಾದ ಸುಮಾರು ನಾಲ್ಕು ದಶಕಗಳು ಹೀಗೆ ಕಳೆದುಹೋದವು. ಅಮೆರಿಕಕ್ಕೆ ಅಂಥ ನಷ್ಟವಿರಲಿಲ್ಲ. ಅಲ್ಲಿ 1972ರ ಕಾನೂನೊಂದು ಶಾಲಾ ಕಾಲೇಜುಗಳ ಕ್ರೀಡೆಯಲ್ಲಿ ಹುಡುಗಿಯರಿಗೆ ಸಮಾನ ಅವಕಾಶದ ದಾರಿ ತೆರೆದಿತ್ತು. ಮೇಲೆ ಹೇಳಿದ ಮೂರು ಒಲಿಂಪಿಕ್ ಫೈನಲ್‌ಗಳನ್ನು ಈ ಹಿನ್ನೆಲೆಯಲ್ಲಿಟ್ಟು ಓದಬೇಕು.

ಮಾರ್ತಾ ಈ ಅನ್ಯಾಯವನ್ನು ನುಂಗಿಕೊಂಡು ಕೂತವರಲ್ಲ. 2019ರ ವಿಶ್ವಕಪ್ಪಿನಲ್ಲಿ ಪ್ರಾಯೋಜಕ ಕಂಪನಿಯ ಗುರುತಿಲ್ಲದ ಕಪ್ಪು ಬೂಟು ತೊಟ್ಟು, ಅದರ ಮೇಲೆ ಸಮಾನತೆಯ ಚಿಹ್ನೆಯನ್ನು ಹಾಕಿಸಿಕೊಂಡು ಆಡಿದರು; ಗೋಲು ಹೊಡೆದ ಮೇಲೆ ಆ ಬೂಟಿನತ್ತ ಬೆರಳು ತೋರಿಸಿದರು. ಅದೇ 2019ರಿಂದ ಬ್ರೆಜಿಲ್‌ನ ಅಗ್ರ ಶ್ರೇಣಿಯ ಪುರುಷರ ಕ್ಲಬ್‌ಗಳು ಮಹಿಳಾ ತಂಡವನ್ನೂ ಹೊಂದಿರಲೇಬೇಕೆಂಬ ನಿಯಮ ಬಂತು, 2020ರಲ್ಲಿ ರಾಷ್ಟ್ರೀಯ ತಂಡದ ಪುರುಷರಿಗೂ ಮಹಿಳೆಯರಿಗೂ ಸಮಾನ ಭತ್ಯೆ ಘೋಷಣೆಯಾಯಿತು. ಇದೆಲ್ಲಕ್ಕೂ ಅವರೊಬ್ಬರೇ ಕಾರಣವೆಂದರೆ ಅತಿಶಯೋಕ್ತಿಯಾದೀತು. 2016ರ ರಿಯೊ ಒಲಿಂಪಿಕ್ಸ್ ವೇಳೆ ಪುಟ್ಟ ಹುಡುಗನೊಬ್ಬ ತನ್ನ ಅಂಗಿಯ ಮೇಲಿದ್ದ, ಪುರುಷರ ತಂಡದ ತಾರೆ ನೇಮರ್ ಹೆಸರನ್ನು ಹೊಡೆದುಹಾಕಿ, ಕೆಳಗೆ ಕೈಬರಹದಲ್ಲಿ ಮಾರ್ತಾ ಎಂದು ಬರೆದುಕೊಂಡಿದ್ದ ಚಿತ್ರವನ್ನು ಅನೇಕರು ನೋಡಿರಬಹುದು. ಹತ್ತು ವರ್ಷ ಮೊದಲಾಗಿದ್ದರೆ ಅಂಥದನ್ನು ಆ ದೇಶದಲ್ಲಿ ಊಹಿಸುವುದೂ ಕಷ್ಟವಿತ್ತು.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಧನ್ಯವಾದಗಳು. ಕ್ಲಬ್‌ಗಳ ವಿಚಾರ ಈಗ ಸ್ಪಷ್ಟವಾಯಿತು. ಕಪ್ಪಿನ ವಿಚಾರದಲ್ಲಿ ಮಾತ್ರ ನನಗಿನ್ನೂ ಅರೆಮನಸ್ಸಿದೆ, ಏಕೆಂದರೆ ದೊಡ್ಡ ಫೈನಲ್‌ಗಳಲ್ಲಿ ಪಂದ್ಯದ ಗತಿಯನ್ನೇ ತಿರುಗಿಸುವುದೂ ಶ್ರೇಷ್ಠತೆಯ ಒಂದು ಭಾಗವೆಂದು ನಾನು ಭಾವಿಸುತ್ತೇನೆ. ಮೂವತ್ತೈದು ದಾಟಿದ ಮೇಲಿನ ಅವರ ಆಟದ ಬಗ್ಗೆಯೂ ಯಾರಾದರೂ ಬರೆದರೆ ಉಪಕಾರವಾಗುತ್ತದೆ.

ಎರಡನೆಯ ಉತ್ತರ ಬರೆದವರು:

ನಿಮ್ಮ ಆಕ್ಷೇಪಕ್ಕೆ ಆ ವರ್ಷಗಳಲ್ಲೇ ಸಮಾಧಾನವಿದೆ. 2022ರಲ್ಲಿ ಮೊಣಕಾಲಿನ ಎಸಿಎಲ್ ಅಸ್ಥಿರಜ್ಜು ಹರಿದು ಅವರು ಬಹುಕಾಲ ಮೈದಾನದಿಂದ ದೂರವಿದ್ದರು. 2023ರ ವಿಶ್ವಕಪ್ಪಿನಲ್ಲಿ ಜಮೈಕಾ ಜೊತೆಗಿನ ಗೋಲಿಲ್ಲದ ಡ್ರಾದೊಂದಿಗೆ ಬ್ರೆಜಿಲ್ ಗುಂಪು ಹಂತದಲ್ಲೇ ಹೊರಬಿದ್ದಾಗ, ಇಲ್ಲಿಗೆ ಮುಗಿಯಿತೆಂದು ಬಹಳ ಜನ ತೀರ್ಮಾನಿಸಿದ್ದರು. ಮರುವರ್ಷ ಅವರ ನಾಯಕತ್ವದ ಒರ್ಲಾಂಡೊ ಪ್ರೈಡ್ ಲೀಗ್ ಹಂತದ ಅಗ್ರಸ್ಥಾನವನ್ನೂ ಚಾಂಪಿಯನ್ ಪಟ್ಟವನ್ನೂ ಒಟ್ಟಿಗೆ ಗೆದ್ದಿತು. 2025ರ ಆಗಸ್ಟ್ 2ರಂದು ಈಕ್ವೆಡಾರ್‌ನ ಕೀಟೊದಲ್ಲಿ ನಡೆದ, ದಕ್ಷಿಣ ಅಮೆರಿಕದ ದೇಶಗಳ ಕೋಪಾ ಅಮೆರಿಕ ಟೂರ್ನಿಯ ಫೈನಲ್‌ನಲ್ಲಿ, 39ರ ಮಾರ್ತಾ ಬದಲಿ ಆಟಗಾರ್ತಿಯಾಗಿ ಇಳಿದು, ಇಂಜುರಿ ಟೈಮ್‌ನ ಆರನೆಯ ನಿಮಿಷದಲ್ಲಿ ಕೊಲಂಬಿಯಾ ವಿರುದ್ಧ 3–3ರ ಸಮಬಲ ತಂದರು, ಹೆಚ್ಚುವರಿ ಸಮಯದಲ್ಲಿ ಇನ್ನೊಂದು ಗೋಲು ಗಳಿಸಿದರು. 4–4ರಲ್ಲಿ ನಿಂತ ಪಂದ್ಯ ಶೂಟೌಟ್‌ಗೆ ಹೋದಾಗ ಅವರ ಪೆನಾಲ್ಟಿ ಗೋಲಾಗಲಿಲ್ಲ. ಆದರೂ ಬ್ರೆಜಿಲ್ 5–4ರಿಂದ ಗೆದ್ದಿತು. ಆ ಎರಡು ಗೋಲುಗಳಿಲ್ಲದೆ ಶೂಟೌಟ್ ಎಂಬುದೇ ಇರುತ್ತಿರಲಿಲ್ಲ.

ಒಂದೇ ತುಣುಕು ನೋಡಲು ಸಮಯವಿದ್ದರೆ 2024ರ ನವೆಂಬರ್‌ನಲ್ಲಿ ಅಮೆರಿಕದ ಲೀಗಿನಲ್ಲಿ ಕಾನ್ಸಾಸ್ ಸಿಟಿ ಕರೆಂಟ್ ತಂಡದ ವಿರುದ್ಧ ನಡೆದ ಸೆಮಿಫೈನಲ್‌ನ ಗೋಲನ್ನು ನೋಡಿ. ಮೇಲೆ ವಿವರಿಸಿದ 2007ರ ಗೋಲಿನ ವೇಗ ಅಲ್ಲಿಲ್ಲ. ಡಿಫೆಂಡರ್‌ಗಳು ತಾವಾಗಿಯೇ ತಪ್ಪು ದಿಕ್ಕಿಗೆ ವಾಲುವವರೆಗೆ ಅವರು ಚೆಂಡನ್ನು ಎಡಗಾಲಿನಲ್ಲಿ ಹೇಗೆ ತಡೆದಿಟ್ಟುಕೊಳ್ಳುತ್ತಾರೆಂಬುದನ್ನು ಮಾತ್ರ ಗಮನಿಸಿ.