ತಾತನ ಎಂಜಿಬಿ ಮತ್ತು ಚಕ್ಕುಲಿ ಒರಳು

ಹೋದ ಭಾನುವಾರ ನಮ್ಮ ‘ಶಾರದಾ ನಿಲಯ’ ಗುಂಪಿನಲ್ಲಿ ನಡೆದ ಜಟಾಪಟಿ ಇದು. ಗುಡ್ ಮಾರ್ನಿಂಗ್ ಗುಲಾಬಿಗಳನ್ನೂ ದೊಡ್ಡಪ್ಪ ಕಳಿಸಿದ ಮೆಂತ್ಯದ ನೀರಿನ ಫಾರ್ವರ್ಡನ್ನೂ ಕಿತ್ತಿದ್ದೇನೆ. ಮಿಕ್ಕಿದ್ದು ಇದ್ದ ಹಾಗೇ.

ನಿಖಿಲ್ (8:12): [ಫೋಟೋ] ಚಾಮರಾಜಪೇಟೆ ಮನೆ ಅಟ್ಟ ಖಾಲಿ ಮಾಡ್ತಿದ್ದಾಗ ಏನು ಸಿಕ್ತು ನೋಡಿ! ತಾತ ತಂದಿದ್ದ ಡಿಂಕಿ ಆಟಿಕೆ ಕಾರು. ಎಂಜಿಬಿ ಸ್ಪೋರ್ಟ್ಸ್ ಕಾರಿನ ಮಾದರಿ. ಎರಡೂ ಬಾಗಿಲು ಇನ್ನೂ ತೆಗೆಯುತ್ತೆ. ಪೇಂಟ್ ಮಾತ್ರ ಎದ್ದು ಬಂದಿದೆ. ಹೊಸದಾಗಿ ಹೊಡೆಸೋಣ ಅಂತ, ₹1,800 ಆಗುತ್ತಂತೆ.

ದೊಡ್ಡಪ್ಪ: ಹದಿನೆಂಟು ನೂರು ರೂಪಾಯಿಗೆ ಈ ಮನೆ ಗೇಟಿಗೇ ಪೇಂಟ್ ಹೊಡೆಸಬಹುದಿತ್ತು.

ರಘು ಚಿಕ್ಕಪ್ಪ: ನಿಖಿಲ್, ಅದಕ್ಕೆ ಬ್ರಷ್ ಸೋಕಿಸಬೇಡ. ಮೊದಲು ತಿರುಗಿಸಿ ಬುಡದ ಫೋಟೋ ಹಾಕು.

ನಿಖಿಲ್: [ಫೋಟೋ] ನಿನ್ನೆ ತೆಗೆದಿದ್ದು. ಅಯ್ಯೋ, ನಾನು ಸರಿಯಾಗಿ ನೋಡಿರ್ಲೇ ಇಲ್ಲ. ನಿಕ್ಕಿ ಟಾಯ್ಸ್, ಮೇಡ್ ಇನ್ ಇಂಡಿಯಾ ಅಂತಿದೆ. ಡೂಪ್ಲಿಕೇಟಾ?

ಮೇಘನಾ: ನಿಕ್ಕಿ! ನಿನ್ನ ಹೆಸರಲ್ಲೇ ಬಂದಿದೆ ಕಣೋ 😂

ರಘು ಚಿಕ್ಕಪ್ಪ: ಡೂಪ್ಲಿಕೇಟ್ ಅನ್ನಬೇಡ. ಡಿಂಕಿ ಮಾಡ್ತಿದ್ದವರು ಲಿವರ್‌ಪೂಲಿನ ಬಿನ್ಸ್ ರೋಡಲ್ಲಿದ್ದ ಮೆಕ್ಯಾನೋ ಕಂಪನಿಯವರು. ಈ ಎಂಜಿಬಿ ಬಂದಿದ್ದು 1962ರಲ್ಲಿ, ಡಿಂಕಿ ಪಟ್ಟಿಯಲ್ಲಿ ನಂಬರ್ 113. ಕೆಲವು ವರ್ಷ ಬಿಟ್ಟು, ತಮಗೆ ದುಡಿದು ಸಾಕಾದ ಒಂದಷ್ಟು ಅಚ್ಚುಗಳನ್ನ ಕಲ್ಕತ್ತಾದ ಎಸ್. ಕುಮಾರ್ ಅಂಡ್ ಕಂಪನಿಗೆ ಕೊಟ್ಟರು. ಇಲ್ಲಿಯವರು ಅಚ್ಚಲ್ಲಿದ್ದ ಡಿಂಕಿ ಹೆಸರನ್ನ ಉಜ್ಜಿ ತೆಗೆದು ನಿಕ್ಕಿ ಅಂತ ಹಾಕ್ಕೊಂಡರು. ಹೊರದೇಶದ ಆಟಿಕೆ ತರಿಸೋದು ಆಗ ಸುಲಭ ಇರ್ಲಿಲ್ಲ. ಕಾರು ಬರಲಿಲ್ಲ, ಅಚ್ಚೇ ಬಂತು. ಕರಗಿದ ಜಿಂಕ್ ತುಂಬಿದ್ದು ಅದೇ ಉಕ್ಕಿನ ಅಚ್ಚಿಗೆ. ಬಾಗಿಲಿನ ಗೆರೆ, ಮುಂದಿನ ಗ್ರಿಲ್ಲು, ಎಲ್ಲ ಅದೇ. ಫಿನಿಶಿಂಗ್ ಒರಟು, ಬಣ್ಣ ದಪ್ಪ, ಅಷ್ಟೇ. ಇನ್ನೊಂದು ನೋಡು. ಹಿಂದಿನ ಎಡಗಡೆ ಟೈರು ಕಂದು ಬಣ್ಣಕ್ಕಿದೆ. ಅದು ಕಲ್ಕತ್ತಾ ರಬ್ಬರು. ಇಂಥ ಗುರುತಿಗೇ ಸಂಗ್ರಹಕಾರರು ಸಾಯೋದು.

ಮೇಘನಾ: ಹಾಗಾದ್ರೆ ನಮ್ಮನೇದು ಏನು? [ಫೋಟೋ] ಸಿಟ್ರೊಯೆನ್ 2ಸಿವಿ. ಪೆಟ್ಟಿಗೆ ಮೇಲೆ ಡಿಂಕಿ ಅಂತ ದೊಡ್ಡದಾಗೇ ಇದೆ. ₹3,200 ಕೊಟ್ಟಿದೀವಿ.

ರಘು ಚಿಕ್ಕಪ್ಪ: ಅದು ಅಟ್ಲಾಸ್ ಎಡಿಷನ್ಸ್ ಅನ್ನೋ ಕಂಪನಿಯವರದು. ಹಳೇ ಫ್ರೆಂಚ್ ಡಿಂಕಿ ನೋಡಿ ಹೊಸ ಅಚ್ಚು ಮಾಡಿಸಿ ಚೀನಾದಲ್ಲಿ ಎರಕ ಹೊಯ್ದಿದ್ದು. ಡಿಂಕಿ ಹೆಸರು ಈಗ ಮ್ಯಾಟೆಲ್ ಅನ್ನೋ ಆಟಿಕೆ ಕಂಪನಿ ಕೈಲಿದೆ. ಲೈಸೆನ್ಸ್ ತಗೊಂಡೇ ಮಾಡಿದಾರೆ, ಕಳ್ಳಮಾಲಲ್ಲ. ಆದರೆ ಅದು ಪ್ರತಿಕೃತಿ. ಶೋಕೇಸಿಗೆ ಚೆಂದ.

ಮೇಘನಾ: ಇದೊಳ್ಳೇ ನ್ಯಾಯ! ಹೆಸರು ಇರೋದು ನಕಲಿ, ಹೆಸರು ಉಜ್ಜಿ ಹಾಕಿರೋದು ಅಸಲಿ.

ನಿಖಿಲ್: ಅದೇ ನಾನೂ ಕೇಳ್ತಿರೋದು ಚಿಕ್ಕಪ್ಪ.

ರಘು ಚಿಕ್ಕಪ್ಪ: ಹೆಸರು ಅನ್ನೋದು ಯಾರು ದುಡ್ಡು ಕೊಟ್ಟರೆ ಅವರದು. ಬಿನ್ಸ್ ರೋಡ್ ಕಾರ್ಖಾನೆ 1979ರಲ್ಲೇ ಬಾಗಿಲು ಹಾಕ್ತು, ಹೆಸರು ಮಾತ್ರ ಇನ್ನೂ ಓಡಾಡ್ತಿದೆ. ಅಚ್ಚು ಹಾಗಲ್ಲ.

ದೊಡ್ಡಪ್ಪ: ರಘು, ನಿನ್ನ ಲೆಕ್ಕ ಸರಿಹೋಗಲ್ಲ. ಅಮ್ಮನ ಚಕ್ಕುಲಿ ಒರಳು ಈಗ ವನಜ ಹತ್ರ ಇದೆ. ಅಚ್ಚು ಅದೇ. ಅಂತ ಅವಳ ಚಕ್ಕುಲಿ ಅಮ್ಮನ ಚಕ್ಕುಲಿ ಆಗಿಬಿಡುತ್ತಾ?

(ಇಲ್ಲಿಂದ ನಾಲ್ಕು ನಿಮಿಷ ಗುಂಪಿನಲ್ಲಿ ಉಸಿರಿಲ್ಲ. ದೊಡ್ಡಪ್ಪನ ಮಾತು ಆವತ್ತಿನ ಎಲ್ಲ ವಾದಕ್ಕಿಂತ ಗಟ್ಟಿಯಾಗಿತ್ತು ಅಂತ ನನಗೆ ಈಗಲೂ ಅನ್ನಿಸುತ್ತೆ. ಆಡಿದ ಜಾಗ ಸರಿಯಿರಲಿಲ್ಲ.)

ವನಜತ್ತೆ: ಹೋದ ಗೋಕುಲಾಷ್ಟಮಿಗೆ ಎರಡು ಡಬ್ಬ ತುಂಬಿಸಿಕೊಂಡು ಹೋದವರು ಯಾರಣ್ಣ?

ದೊಡ್ಡಪ್ಪ: ಈ ಸಂದೇಶವನ್ನು ಅಳಿಸಲಾಗಿದೆ

ನಾನು: ಅತ್ತೆ, ಚಕ್ಕುಲಿ ವಿಷಯ ಆಮೇಲೆ ಇಟ್ಕೊಳ್ಳೋಣ. ಪೇಂಟ್ ಹೊಡೆಸಬೇಕಾ ಬೇಡ್ವಾ, ಅದು ಹೇಳಿ ಚಿಕ್ಕಪ್ಪ.

ರಘು ಚಿಕ್ಕಪ್ಪ: ಖಂಡಿತ ಬೇಡ. ಬಣ್ಣ ಹೊಡೆಯೋನು ಮೊದಲು ಹಳೇದನ್ನ ಪೇಂಟ್ ರಿಮೂವರ್ ಹಾಕಿ ಕಿತ್ತು ಬೋಳು ಮಾಡ್ತಾನೆ. ಬುಡ ಬಿಚ್ಚೋಕೆ ರಿವೆಟ್ ತಲೆ ಕೊರೀತಾನೆ, ಮತ್ತೆ ಸ್ಕ್ರೂ ಹಾಕಿ ಕೂರಿಸ್ತಾನೆ. ಆಮೇಲೆ ಅದು ಹಳೇ ಕಾರೂ ಅಲ್ಲ, ಹೊಸ ಕಾರೂ ಅಲ್ಲ. ಗೊತ್ತಿರೋರು ಕಾರು ಕೈಗೆ ಬಂದ ತಕ್ಷಣ ತಿರುಗಿಸಿ ನೋಡೋದೇ ರಿವೆಟ್ಟು. ಚಕ್ಕೆ ಎದ್ದಿರೋ ಹಳೇ ಬಣ್ಣಕ್ಕೆ ಬೆಲೆ ಇದೆ, ಮಿಂಚೋ ಹೊಸ ಬಣ್ಣಕ್ಕಿಲ್ಲ.

ನಿಖಿಲ್: ಚಿಕ್ಕಪ್ಪ...

ರಘು ಚಿಕ್ಕಪ್ಪ: ಏನು

ನಿಖಿಲ್: ನಿನ್ನೆ ಸಾಯಂಕಾಲವೇ ಕೊಟ್ಟಾಯ್ತು.

ದೊಡ್ಡಪ್ಪ: ಕೊಟ್ಟ ಮೇಲೆ ಕೇಳೋದು! ಥೇಟ್ ಇವರಮ್ಮನ ಥರ.

ರಘು ಚಿಕ್ಕಪ್ಪ: ಈಗಲೇ ಗಾಡಿ ತೆಗಿ. ಹೋಗು.

ಮೂರು ಗಂಟೆ ಕಾಲ ಸದ್ದಿಲ್ಲ. ಮಧ್ಯೆ ಮೇಘನಾ ಒಂದು ಸಲ ‘ಸಿಕ್ತಾ?’ ಅಂತ ಕೇಳಿದ್ದಳು, ರಘು ಚಿಕ್ಕಪ್ಪ ಎರಡು ಸಲ ಫೋನ್ ಮಾಡಿದ್ದರಂತೆ.

ನಿಖಿಲ್ (12:40): [ಫೋಟೋ] ಸಿಕ್ತು. ಬಲಗಡೆ ಬಾಗಿಲಿಗೆ ಮಾತ್ರ ರಿಮೂವರ್ ಹಚ್ಚಿಬಿಟ್ಟಿದ್ದ. ರಿವೆಟ್ ಮುಟ್ಟಿಲ್ಲ. ಅಡ್ವಾನ್ಸ್ ವಾಪಸ್ ಕೊಡಲ್ಲ ಅಂದ, ಬದಲಿಗೆ ಹೊಸ ಟೈರ್ ಒಂದು ಕೊಟ್ಟ. ಆ ಕಂದು ಟೈರು ಟೈರೇ ಅಲ್ವಂತೆ.

ಫೋಟೋದಲ್ಲಿ ಒಂದು ಬಾಗಿಲು ಬೂದುಬೂದಾಗಿ ಬೋಳಾಗಿದೆ, ಉಳಿದದ್ದೆಲ್ಲ ಆ ಮಾಸಲು ಕೆಂಪು. ಹಿಂದಿನ ಎಡ ಚಕ್ರದಲ್ಲಿ ಕರಿ ಟೈರು ಹೊಸದಾಗಿ ಮಿರಮಿರ ಅಂತಿದೆ.

ರಘು ಚಿಕ್ಕಪ್ಪ: ಅವನಿಗೇನು ಗೊತ್ತು? ಹೇಳಿದ್ನಲ್ಲ, ಅದು ಕಲ್ಕತ್ತಾ ರಬ್ಬರು.

ವನಜತ್ತೆ: ಯಾವ ಕಲ್ಕತ್ತಾನೋ? ಅದು ಇಂಜೆಕ್ಷನ್ ಬಾಟಲಿ ಮುಚ್ಚಳ.

ರಘು ಚಿಕ್ಕಪ್ಪ: ??

ವನಜತ್ತೆ: ನೀನು ಟೈರ್ ಕಚ್ಚಿ ಕಚ್ಚಿ ನುಂಗಿಬಿಟ್ಟೆ. ಮೂರು ಚಕ್ರದ ಕಾರು ಹಿಡ್ಕೊಂಡು ದಿನವಿಡೀ ಅಳು. ಅಪ್ಪ ಕಾಂಪೌಂಡರ್ ಹತ್ರ ಖಾಲಿ ಬಾಟಲಿ ಕೇಳಿ ತಂದರು. ಮುಚ್ಚಳ ಬ್ಲೇಡಲ್ಲಿ ಕೊರೆದು ಕೂರಿಸಿದ್ದು ನಾನು. ಬೆರಳು ಕುಯ್ದುಕೊಂಡಿದ್ದೆ, ಗುರುತು ಇನ್ನೂ ಇದೆ. ಬೇಕಾದ್ರೆ ಫೋಟೋ ಹಾಕ್ಲಾ?

ಮೇಘನಾ: 😂😂😂 ಇದಕ್ಕೆ ನಂಬರ್ ಎಷ್ಟು ಚಿಕ್ಕಪ್ಪ?

ದೊಡ್ಡಪ್ಪ: ವನಜ ಹೇಳಿದ್ದು ನಿಜ. ನನಗೂ ನೆನಪಿದೆ.

ರಘು ಚಿಕ್ಕಪ್ಪನ ಹೆಸರಿನ ಕೆಳಗೆ ‘ಟೈಪಿಂಗ್’ ಅಂತ ಬಂತು, ಹೋಯ್ತು, ಮತ್ತೆ ಬಂತು. ಕೊನೆಗೆ ಬಂದದ್ದು ಒಂದೂವರೆ ಗಂಟೆಗೆ.

ರಘು ಚಿಕ್ಕಪ್ಪ: ನಿಖಿಲ್, ಆ ಮುಚ್ಚಳ ಅವನು ಬಿಸಾಡಿಬಿಟ್ಟನಾ?

ನಿಖಿಲ್: ಇಲ್ಲ, ನನ್ನ ಜೇಬಲ್ಲಿದೆ.

ರಘು ಚಿಕ್ಕಪ್ಪ: ಅದನ್ನೇ ಹಾಕು. ನಾನು ಸಾಯಂಕಾಲ ಬರ್ತೀನಿ. ಅಕ್ಕ, ನೀನೂ ಬಾ.

ವನಜತ್ತೆ: ಬರ್ತೀನಿ. ಚಕ್ಕುಲಿ ತರಲ್ಲ.