ಅಪ್ಪನ ಬಿಪಿಗೆ ಸರ್ಪಗಂಧದ ಬೇರು ಕೊಡಬಹುದಾ?

ಬದಿಯಡ್ಕದ ಮಗಳು:
ಅಪ್ಪನಿಗೆ 64 ವರ್ಷ. ಎರಡು ವರ್ಷದಿಂದ ಬಿಪಿಗೆ ಅಮ್ಲೋಡಿಪಿನ್ 5 ಮಾತ್ರೆ ತಗೊಳ್ತಿದ್ದರು. ಸಂಜೆಯಾದರೆ ಪಾದ ಊದಿಕೊಂಡು ಚಪ್ಪಲಿ ಪಟ್ಟಿಯ ಅಚ್ಚು ಹಾಗೇ ಕೂತಿರುತ್ತದೆ. ಅದಕ್ಕೇ ಬೇಜಾರಾಗಿ ಮಾತ್ರೆ ಬಿಟ್ಟಿದ್ದಾರೆ. ನಾನು ಮಂಗಳೂರಲ್ಲಿರುವುದು, ಮೊನ್ನೆ ಊರಿಗೆ ಬಂದಾಗಲೇ ಗೊತ್ತಾದದ್ದು. ಈಗ ಮೂರು ವಾರದಿಂದ ತೋಟದ ಬದಿಯ ಸರ್ಪಗಂಧದ ಬೇರು ಒಣಗಿಸಿ, ಕಲ್ಲಲ್ಲಿ ತೇದು ಹಾಲಿಗೆ ಹಾಕಿ ಕುಡಿಯುತ್ತಿದ್ದಾರೆ. 160ರ ಮೇಲಿದ್ದದ್ದು ನಿನ್ನೆ 138/86. "ಇಳಿಯಿತಲ್ವಾ ನೋಡು" ಅಂತಾರೆ. ಆದರೆ ಹಗಲಿಡೀ ತೂಕಡಿಕೆ, ಮೂಗು ಬೇರೆ ಕಟ್ಟಿದೆ. ಇದನ್ನು ಬಳಸಿದವರು ಯಾರಾದರೂ ಇದ್ದೀರಾ?

ಪೆರ್ಲದ ಕೃಷಿಕ:
ತಂಗೀ, ಮೊದಲು ಗಿಡ ಅದೇ ಹೌದಾ ನೋಡಿ. ಗಂಟಿಗೆ ಮೂರು ಎಲೆ, ಬಿಳಿ ಹೂವಿಗೆ ಕೆಂಪು ತೊಟ್ಟು, ಹಣ್ಣಾದರೆ ಕಪ್ಪು. ಬೇರು ಬಾಯಿಗಿಟ್ಟರೆ ಸಿಕ್ಕಾಪಟ್ಟೆ ಕಹಿ. ಮಲಯಾಳದವರು ಅಮಲ್ಪೊರಿ ಅನ್ನುತ್ತಾರೆ. ನಮ್ಮಜ್ಜಿ ಇದನ್ನು ಕೊಡುತ್ತಿದ್ದದ್ದು ನಿದ್ದೆ ಬಾರದವರಿಗೆ, ತಲೆ ಕೆಟ್ಟು ಕಿರುಚಾಡುವವರಿಗೆ. ಅವರ ಕಾಲದಲ್ಲಿ ಬಿಪಿ ನೋಡುವವರು ಯಾರಿದ್ದರು? ಕೊಟ್ಟರೂ ಕೆಲವೇ ದಿನ, ದಿನಾ ಕುಡಿಯುವ ಕಷಾಯದ ಹಾಗೆ ಅಲ್ಲ.

ಕುಂಬಳೆಯ ಆಯುರ್ವೇದ ವೈದ್ಯೆ:
ಬೇರು ಕೆಲಸ ಮಾಡುತ್ತದೆ, ಅದರಲ್ಲಿ ಅನುಮಾನ ಇಲ್ಲ. ನನಗೆ ಭಯ ಅದೇ. 1931ರಲ್ಲೇ ಕಲ್ಕತ್ತದ ಸೇನ್ ಮತ್ತು ಬೋಸ್ ಇದು ರಕ್ತದೊತ್ತಡ ಇಳಿಸುತ್ತದೆ ಅಂತ ಬರೆದಿದ್ದರು. 1949ರಲ್ಲಿ ಮುಂಬಯಿಯ ಡಾ. ರುಸ್ತಮ್ ಜಾಲ್ ವಕೀಲ್ ತಮ್ಮ ರೋಗಿಗಳ ಮೇಲಿನ ಪರಿಣಾಮವನ್ನು ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟಿಸಿದ ಮೇಲೆ ಹೊರದೇಶದವರೂ ತಿರುಗಿ ನೋಡಿದರು, 1952ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ಸೀಬಾ ಕಂಪನಿಯವರು ಬೇರಿನಿಂದ ರೆಸರ್ಪಿನ್ ಎಂಬ ಸತ್ವ ಬೇರ್ಪಡಿಸಿದರು. ನರದ ತುದಿಯಲ್ಲಿ ಶೇಖರವಾಗಿರುವ, ರಕ್ತನಾಳವನ್ನು ಬಿಗಿಮಾಡುವ ನಾರ್‌ಅಡ್ರಿನಲಿನ್ ಅನ್ನು ಇದು ಖಾಲಿ ಮಾಡುತ್ತದೆ. ರಕ್ತನಾಳ ಸಡಿಲವಾಗುತ್ತದೆ, ಬಿಪಿ ಇಳಿಯುತ್ತದೆ. ಅದೇ ಕಾರಣಕ್ಕೆ ಮೂಗು ಕಟ್ಟುತ್ತದೆ, ನಾಡಿ ನಿಧಾನವಾಗುತ್ತದೆ, ಮನಸ್ಸೂ ಕುಗ್ಗಬಹುದು. ನಿಮ್ಮ ಅಪ್ಪನಿಗೆ ಆಗುತ್ತಿರುವುದು ಇದೇ ಇರಬಹುದು.

ಒಂದೊಂದು ಬೇರಲ್ಲಿ ಸತ್ವ ಒಂದೊಂದು ಥರ. ಎಷ್ಟು ತೇದರೆ ಎಷ್ಟು ಹೊಟ್ಟೆಗೆ ಹೋಯಿತು ಅಂತ ಯಾರಿಗೂ ಹೇಳಲಿಕ್ಕಾಗುವುದಿಲ್ಲ. ನಿಲ್ಲಿಸಿದ ಮೇಲೂ ಕೆಲವು ದಿನ ಮೈಯಲ್ಲಿರುತ್ತದೆ. ಹಾಗಾಗಿ ನಾಳೆಯಿಂದ ಬೇರು ಬಿಟ್ಟು ಮಾತ್ರೆ ಶುರು ಅಂತ ನೀವೇ ಮಾಡಬೇಡಿ, ಎರಡೂ ಸೇರಿ ಬಿಪಿ ತುಂಬಾ ಕೆಳಗಿಳಿದರೆ ಎದ್ದು ನಿಲ್ಲುವಾಗ ಬಿದ್ದಾರು. ಕಾಲು ಊದುವುದು ಅಮ್ಲೋಡಿಪಿನ್‌ನಿಂದ ಆಗುವಂಥದ್ದೇ, ಡಾಕ್ಟರು ಡೋಸ್ ಇಳಿಸಬಹುದು, ಬೇರೆ ಮಾತ್ರೆ ಕೊಡಬಹುದು. ಅವರ ಹತ್ತಿರ ಹೋಗಿ, ಬೇರಿನ ವಿಷಯ ಮುಚ್ಚಿಡಬೇಡಿ. ಹೊಟ್ಟೆ ಹುಣ್ಣು ಇದ್ದವರಿಗೂ, ಹಿಂದೆ ಖಿನ್ನತೆ ಬಂದವರಿಗೂ ಇದು ಆಗುವುದಿಲ್ಲ.

ನೀರ್ಚಾಲಿನ ಅಮ್ಮ:
ನಮ್ಮ ಯಜಮಾನರಿಗೂ ಬಿಪಿ. ನಾನು ಮೊದಲು ಕೈಹಾಕಿದ್ದು ಉಪ್ಪಿಗೆ. ಗಂಜಿಗೆ ಉಪ್ಪಿನಕಾಯಿ ಮಿಡಿಯ ರಸ, ಮಳೆಗಾಲವಿಡೀ ಉಪ್ಪಲ್ಲಿ ಹಾಕಿಟ್ಟ ಹಲಸಿನ ಸೊಳೆಯ ಪಲ್ಯ, ಮೇಲಿಂದ ಹಪ್ಪಳ. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಅದು ಒಂದು ಟೀ ಚಮಚ, ಅಡುಗೆಯದ್ದೂ ಸೇರಿ. ನಮ್ಮಲ್ಲಿ ಬೆಳಗ್ಗೆಗೇ ಮುಗಿಯುತ್ತಿತ್ತು. ಈಗ ಸೊಳೆಯನ್ನು ರಾತ್ರಿ ನೀರಿಗೆ ಹಾಕಿ, ಎರಡು ಸಲ ನೀರು ಚೆಲ್ಲಿ, ಹಿಂಡಿ ಪಲ್ಯ ಮಾಡುತ್ತೇನೆ. ಮಾತ್ರೆ ಬಿಟ್ಟಿಲ್ಲ. ಮತ್ತೆ ಬಿಪಿಗೆ ದಾಸವಾಳದ ಚಾ ಅಂತ ಹೇಳುತ್ತಾರಲ್ಲ, ಅದು ಅಂಗಳದ ದಾಸವಾಳ ಅಲ್ಲ, ಕೆಂಪು ಪುಂಡಿ, ಇಲ್ಲಿನವರ ಮತ್ತಿಪ್ಪುಳಿ.

ಬದಿಯಡ್ಕದ ಮಗಳು:
ಎಲ್ಲವನ್ನೂ ಅಪ್ಪನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದು, ಬೇರಿನ ಡಬ್ಬಿ ತಂದು ನನ್ನ ಕೈಗೆ ಕೊಟ್ಟರು. ನಾಳೆ ಬೆಳಗ್ಗೆ ಡಾಕ್ಟರಿಗೆ ತೋರಿಸಲು ಅದನ್ನೂ ಒಯ್ಯುತ್ತೇವೆ. ಅಕ್ಕಾ, ಒಂದು ವಿಷಯ. ಅಮ್ಮ ತೀರಿಕೊಂಡ ವರ್ಷ ಅಪ್ಪ ಊಟ, ಮಾತು ಎರಡೂ ಬಿಟ್ಟಿದ್ದರು, ತಿಂಗಳುಗಟ್ಟಲೆ. ಅದನ್ನೂ ಹೇಳಬೇಕಾ?

ಕುಂಬಳೆಯ ಆಯುರ್ವೇದ ವೈದ್ಯೆ:
ಅದನ್ನೇ ಮೊದಲು ಹೇಳಿ. ನಾಳೆಯವರೆಗೆ ಬೇರು ಕೊಡಬೇಡಿ, ರಾತ್ರಿ ಅವರೊಬ್ಬರನ್ನೇ ಬಿಡಬೇಡಿ.