ಪೊಲೀಸ್, ಫೈರ್, ಆಂಬುಲೆನ್ಸ್ ಮೂವರೂ ಒಂದೇ ಆಕ್ಸಿಡೆಂಟ್‌ಗೆ ಹೋಗ್ತೀವಿ, ನನ್ನನ್ನ ಮಾತ್ರ ಒಂದು ವಾಟ್ಸಾಪ್ ಮೆಸೇಜಲ್ಲಿ ತೆಗೆದ್ರು, ಎಲ್ಲಿ ಕೇಳ್ಬೇಕು?

ಸ್ಟ್ರೆಚರ್ ರಾಜ:

ಎಲ್ಲರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗುತ್ತೆ, ಬೇಜಾರ್ ಮಾಡ್ಕೋಬೇಡಿ. ನಾನು ಒಂದು ತಾಲ್ಲೂಕು ಆಸ್ಪತ್ರೆ ಆಂಬುಲೆನ್ಸ್‌ಗೆ ಹೊರಗುತ್ತಿಗೆ ಡ್ರೈವರ್, ನಾಲ್ಕು ವರ್ಷ ಆಯ್ತು. ಊರು ಏಜೆನ್ಸಿ ಹೆಸರೆಲ್ಲ ಬೇಡ. ನಮ್ಮ ದೊಡ್ಡಪ್ಪನ ಮಗ ಪೊಲೀಸ್ ಕಾನ್‌ಸ್ಟೇಬಲ್, ನಮ್ಮಕ್ಕನ ಗಂಡ ಅಗ್ನಿಶಾಮಕದಲ್ಲಿ ಫೈರ್‌ಮನ್. ಹೈವೇಲಿ ಲಾರಿ ಪಲ್ಟಿ ಆದ್ರೆ ಮೂವರೂ ಅಲ್ಲೇ ಸಿಗ್ತೀವಿ, ಭಾವ ಕಟರ್ ಹಿಡ್ಕೊಂಡು ಕ್ಯಾಬಿನ್ ಕೊಯ್ತಿರ್ತಾರೆ, ಅಣ್ಣ ವಿಡಿಯೋ ಮಾಡೋರನ್ನ ಹಿಂದಕ್ಕೆ ತಳ್ತಿರ್ತಾನೆ, ನಾನು ಸ್ಟ್ರೆಚರ್ ಹಿಡ್ಕೊಂಡು ನಿಂತಿರ್ತೀನಿ.

ಹೋದ ತಿಂಗಳು ರಾತ್ರಿ ಒಂದು ಗಂಟೆಗೆ ಹೆರಿಗೆ ಕೇಸು, ಜಿಲ್ಲಾಸ್ಪತ್ರೆಗೆ ರೆಫರ್ ಮಾಡಿದ್ರು. ಬಂಕಲ್ಲಿ ಏಜೆನ್ಸಿ ಲೆಕ್ಕ ಬಾಕಿ ಇದೆ ಅಂತ ಡೀಸೆಲ್ ಹಾಕ್ಲಿಲ್ಲ, ಏಜೆನ್ಸಿ ಸೂಪರ್‌ವೈಸರ್ ಫೋನ್ ಎತ್ತಲಿಲ್ಲ, ಕೊನೆಗೆ ನನ್ನ ಫೋನ್‌ಪೇಯಿಂದ 1,500 ಕೊಟ್ಟು ಹಾಕಿಸ್ಕೊಂಡು ಹೊರಟೆ. ಇಪ್ಪತ್ತು ನಿಮಿಷ ಲೇಟ್. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ ದೇವರ ದಯೆ. ಆದ್ರೆ ಮನೆಯವರು ಬೈದು ವಿಡಿಯೋ ಹಾಕಿದ್ರು, ಬೆಳಗ್ಗೆ ಗ್ರೂಪಲ್ಲಿ ಮೆಸೇಜು, ನಾಳೆಯಿಂದ ಡ್ಯೂಟಿಗೆ ಬರೋದು ಬೇಡ ಅಂತ. ಅಷ್ಟೇ. ಆ 1,500 ಇನ್ನೂ ಬಂದಿಲ್ಲ.

ಅದೇ ನಮ್ಮಣ್ಣ ಎರಡು ವರ್ಷದ ಹಿಂದೆ ಬಂದೋಬಸ್ತ್ ಡ್ಯೂಟಿಗೆ ಹೋಗದೆ ಮನೇಲಿ ಮಲಗಿ ಸಿಕ್ಕಾಕೊಂಡಿದ್ದ. ಅವನಿಗೆ ಚಾರ್ಜ್ ಮೆಮೊ, ಅದಕ್ಕೆ ಉತ್ತರ ಬರೆಯೋಕೆ ಟೈಮು, ವಿಚಾರಣೆ, ಸಾಕ್ಷಿ, ಒಂದೂಕಾಲು ವರ್ಷ ಎಳೆದು ಒಂದು ಇಂಕ್ರಿಮೆಂಟ್ ಕಟ್ ಆಯ್ತು. ಈಗಲೂ ಕೆಲಸದಲ್ಲಿದ್ದಾನೆ. ಅವನ ಮೇಲೆ ಹೊಟ್ಟೆಕಿಚ್ಚಿಲ್ಲ, ಆದ್ರೆ ಮಲಗಿದ್ದೋನಿಗೆ ಅಷ್ಟು, ಕೈಯಿಂದ ದುಡ್ಡು ಹಾಕ್ದೋನಿಗೆ ಇಷ್ಟೇನಾ? ನಾನೂ ಕೆಎಟಿಗೆ ಹೋಗಬಹುದಾ?

ಟಪಾಲು ಮೇಷ್ಟ್ರು:

ತಮ್ಮಾ, ನಾನು ಎಸ್‌ಪಿ ಆಫೀಸಲ್ಲಿ ಶಿಸ್ತು ಸೆಕ್ಷನ್ನಿನ ಫೈಲ್ ನೋಡ್ತಾನೇ ರಿಟೈರ್ ಆದೋನು. ಕೆಎಟಿಗೆ ಹೋದ್ರೆ ಮೊದಲ ದಿನವೇ ವಾಪಸ್ ಕಳಿಸ್ತಾರೆ, ಲಾಯರ್ ಫೀಸು ದಂಡ. ಅದು 1986ರಲ್ಲಿ ಶುರುವಾದ ನ್ಯಾಯಮಂಡಳಿ, ರಾಜ್ಯ ಸರ್ಕಾರಿ ನೌಕರರ ಸೇವಾ ವಿಷಯಕ್ಕೆ ಮಾತ್ರ. ನಿನ್ನ ಆರ್ಡರ್‌ಗೆ ಸಹಿ ಹಾಕಿದ್ದು ಯಾರು, ಏಜೆನ್ಸಿ ಮ್ಯಾನೇಜರ್ ತಾನೆ? ಅಲ್ಲಿಗೆ ಮುಗೀತು, ಮೈಮೇಲೆ ಯಾವ ಯೂನಿಫಾರ್ಮ್ ಇದೆ ಅಂತ ಕಾನೂನು ನೋಡಲ್ಲ, ನೇಮಕಾತಿ ಪತ್ರ ಯಾರು ಕೊಟ್ರು ಅಂತ ನೋಡುತ್ತೆ.

ನಿಮ್ಮಣ್ಣನ್ನ ಕಾಯ್ದಿದ್ದು ಸಂವಿಧಾನದ 311ನೇ ವಿಧಿ. ನೇಮಕ ಮಾಡಿದ ಅಧಿಕಾರಿಗಿಂತ ಕೆಳಗಿನೋರು ವಜಾ ಮಾಡೋ ಹಾಗಿಲ್ಲ, ಆರೋಪ ಏನಂತ ತಿಳಿಸಿ ವಿಚಾರಣೆ ಮಾಡ್ದೆ ಮನೆಗೆ ಕಳಿಸೋ ಹಾಗಿಲ್ಲ. ಕಾನ್‌ಸ್ಟೇಬಲ್‌ಗೆ ಎಸ್‌ಪಿಯೇ ನೇಮಕಾತಿ ಪ್ರಾಧಿಕಾರ, ಹಾಗಾಗಿ ಇನ್‌ಸ್ಪೆಕ್ಟರ್ ಎಷ್ಟೇ ಕೂಗಾಡಿದ್ರೂ ಕೆಲಸದಿಂದ ತೆಗೆಯೋಕಾಗಲ್ಲ, ರಿಪೋರ್ಟ್ ಹಾಕಬಹುದು ಅಷ್ಟೇ. ಪೊಲೀಸರಿಗೆ 1965ರ ಶಿಸ್ತು ನಡಾವಳಿ ನಿಯಮ ಅಂತಲೇ ಬೇರೆ ಇದೆ. ನಮ್ಮಲ್ಲಿ ಒಂದು ಡಿಇ, ಅಂದ್ರೆ ಇಲಾಖಾ ವಿಚಾರಣೆ ಫೈಲು ಮುಗಿಯೋ ಹೊತ್ತಿಗೆ ಟ್ಯಾಗ್ ದಾರ ಎರಡು ಸಲ ಬದಲಾಯಿಸಿರ್ತಿದ್ವಿ, ಅಷ್ಟು ದಪ್ಪ. ನಿಮ್ಮ ಭಾವನೂ ಅಷ್ಟೇ, ನಮ್ಮ ರಾಜ್ಯದಲ್ಲಿ ಅಗ್ನಿಶಾಮಕ ಕಾರ್ಪೊರೇಷನ್ ಕೆಳಗಿಲ್ಲ, ಒಳಾಡಳಿತ ಇಲಾಖೆ ಕೆಳಗೆ, ಮುಖ್ಯಸ್ಥರೂ ಐಪಿಎಸ್ಸೇ. ಆಂಬುಲೆನ್ಸ್ ಮಾತ್ರ ಆರೋಗ್ಯ ಇಲಾಖೆ, ಅದರಲ್ಲೂ 2008ರಲ್ಲಿ ಆರೋಗ್ಯ ಕವಚ 108 ಬಂದಾಗಲೇ ಖಾಸಗಿ ಸಹಭಾಗಿತ್ವದಲ್ಲಿ ಬಂತು. ಅಲ್ಲಿ ಕೆಲಸ ಮಾಡೋ ಪೈಲಟ್ (ಡ್ರೈವರ್), ಇಎಂಟಿ (ಗಾಡೀಲಿ ತುರ್ತು ಚಿಕಿತ್ಸೆ ಕೊಡೋರು) ಇವರ ಕಥೆನೂ ನಿನ್ನ ಥರದ್ದೇ.

ಪರ್ಮನೆಂಟ್ ಮಾಡ್ಕೊಳ್ಳಿ ಅಂತ ಕೇಳೋ ಆಸೆ ಇದ್ರೆ ಈಗ ಬೇಡ. ಉಮಾದೇವಿ ಕೇಸು ಅಂತ ಕೇಳಿರ್ತೀಯ, 2006, ನಮ್ಮ ಕರ್ನಾಟಕದ್ದೇ, ದಿನಗೂಲಿಯೋರು ಹಾಕಿದ್ದು. ಹಿಂಬಾಗಿಲಿಂದ ಬಂದೋರಿಗೆ ಖಾಯಂ ಆಗೋ ಹಕ್ಕಿಲ್ಲ ಅಂತ ಐದು ಜಡ್ಜ್‌ಗಳ ಪೀಠ ಹೇಳಿಬಿಡ್ತು. ನೀನಂತೂ ಹಿಂಬಾಗಿಲೂ ಅಲ್ಲ, ಪಕ್ಕದ ಬಿಲ್ಡಿಂಗು.

ನಿನ್ನ ದಾರಿ ಲೇಬರ್ ಆಫೀಸು. ವರ್ಷದಲ್ಲಿ 240 ದಿನ ಕೆಲಸ ಮಾಡಿರ್ತೀಯ ಅಲ್ವಾ? ಹಾಗಿದ್ರೆ ಕೆಲಸ ಇಲ್ಲ ಅಂತ ತೆಗೆದ್ರೆ ಒಂದು ತಿಂಗಳ ನೋಟಿಸೂ ಪರಿಹಾರವೂ ಕೊಡ್ಬೇಕು, ತಪ್ಪು ಮಾಡ್ದೆ ಅಂತ ತೆಗೆದ್ರೆ ಏನು ತಪ್ಪು ಅಂತ ಕೇಳ್ಬೇಕು. ಮೆಸೇಜಲ್ಲಿ ಎರಡೂ ಇಲ್ಲ. ಪಿಎಫ್ ಪಾಸ್‌ಬುಕ್, ಇಎಸ್‌ಐ ಕಾರ್ಡ್, ಸಂಬಳ ಬಂದ ಬ್ಯಾಂಕ್ ಸ್ಟೇಟ್‌ಮೆಂಟ್, ಆ ಫೋನ್‌ಪೇ ರಸೀದಿ, ಎಲ್ಲಕ್ಕಿಂತ ಮುಖ್ಯ ಆ ರಾತ್ರಿಯ ಲಾಗ್‌ಬುಕ್ ಪುಟ, ಇಷ್ಟು ಜೋಡಿಸ್ಕೊ. ಲಾಗ್‌ಬುಕ್ ಬೇಗ ಹಿಡಿ, ಇಂಥವು ಕಳೆದುಹೋಗೋ ವಸ್ತು.

ಹುಬ್ಬಳ್ಳಿ ಗಿರ್ಮಿಟ್:

ಎಲ್ಲಾರೂ ನೌಕರರ ಕಡೆಯಿಂದ ಮಾತಾಡಾಕತ್ತೀರಿ, ನಮ್ಮಂಥ ಮಂದಿ ಕಡೆಯಿಂದ ಒಂದಿಷ್ಟು ನೋಡ್ರಿ. ಆಂಬುಲೆನ್ಸ್ ಅಣ್ಣಗ ಅನ್ಯಾಯ ಆಗೇತಿ, ಒಪ್ಪೇನಿ. ಆದ್ರ ಒಂದು ಠಾಣಾದಾಗ ನನ್ನ ತಮ್ಮಗ ಲಾಠಿ ಬಿತ್ತು, ಕಂಪ್ಲೇಂಟ್ ಕೊಟ್ರ ಅದನ್ನ ವಿಚಾರಣೆ ಮಾಡಾಕ ಬಂದಾಂವ ಅದ ಸಬ್‌ಡಿವಿಷನ್ನಿನ ಸಾಹೇಬ. ಚಹಾ ಕುಡಿಸಿ ಕಳಿಸಿದ್ರು. ಆ ದಪ್ಪ ಫೈಲು ನಮಗ ಎಂದೂ ಕಾಣಂಗಿಲ್ರಿ ಮೇಷ್ಟ್ರ.

ಪ್ರಕಾಶ್ ಸಿಂಗ್ ಕೇಸಿನಾಗ ಸುಪ್ರೀಂ ಕೋರ್ಟ್ 2006ರ ಸೆಪ್ಟೆಂಬರ್ 22ಕ್ಕ ಹೇಳಿತ್ತು, ಪೊಲೀಸರ ಮ್ಯಾಲಿನ ದೂರು ಕೇಳಾಕ ರಾಜ್ಯಕ್ಕೊಂದು ಜಿಲ್ಲಾಕ್ಕೊಂದು ಪ್ರಾಧಿಕಾರ ಮಾಡ್ರಿ, ರಿಟೈರ್ಡ್ ಜಡ್ಜ್ ಕೂಡ್ಲಿ ಅಂತ. ನಮ್ಮಲ್ಲಿ ಪೊಲೀಸ್ ಕಾಯ್ದೆಗೆ ಅದಕ್ಕ ತಿದ್ದುಪಡಿ ಬಂದಿದ್ದು 2012ಕ್ಕ. ಅಂಥಾದ್ದೊಂದು ಐತಿ ಅಂತ ನನಗ ಗೊತ್ತಾಗಿದ್ದು ಒಬ್ಬ ವಕೀಲರ ಕಡೆಯಿಂದ, ಅದೂ ಎಲ್ಲಾ ಮುಗದ ಮ್ಯಾಲ. ಠಾಣಾದ ಗ್ವಾಡಿ ಮ್ಯಾಲ ರೌಡಿಗಳ ಫೋಟೋ ಹಚ್ಚತಾರ, ಈ ವಿಳಾಸ ಒಂದು ಹಚ್ಚಿದ್ರ ಏನಾಕ್ಕಿತ್ತು?

ಆಸ್ಟಿನ್ ಅವರೆಕಾಳು:

ನಾನಿರೋದು ಟೆಕ್ಸಸ್‌ನಲ್ಲಿ, ನನ್ನ ಮಗ ಫೈರ್ ಡಿಪಾರ್ಟ್‌ಮೆಂಟ್ ಪರೀಕ್ಷೆ ಕಟ್ಟಿದ್ದಾನೆ ಅಂತ ಇಲ್ಲಿನ ನಿಯಮ ಓದ್ತಾ ಇದ್ದೆ, ಈ ಪೋಸ್ಟ್ ಸಿಕ್ತು. ಇಲ್ಲಿ ಪೊಲೀಸ್ ಫೈರ್ ಎರಡೂ ಆಯಾ ಊರಿನದ್ದು. 1947ರಿಂದ ಒಂದು ಕಾನೂನಿದೆ, ಈಗ ಅದನ್ನ ಚಾಪ್ಟರ್ 143 ಅಂತಾರೆ, ಊರಿನ ಜನ ವೋಟ್ ಹಾಕಿ ಒಪ್ಪಿಕೊಂಡ್ರೆ ಆ ಊರಿಗೆ ಮೂರು ಜನರ ಸಿವಿಲ್ ಸರ್ವಿಸ್ ಕಮಿಷನ್ ಬರುತ್ತೆ. ಪರೀಕ್ಷೆ, ಮಾರ್ಕ್ಸ್ ಪ್ರಕಾರ ಲಿಸ್ಟು, ಪ್ರಮೋಷನ್ನು, ಶಿಕ್ಷೆ ಮೇಲಿನ ಅಪೀಲು, ಎಲ್ಲಾ ಅದರ ಕೆಳಗೆ. ಚೀಫ್ ಒಬ್ಬರನ್ನ 15 ದಿನದವರೆಗೆ ಸಸ್ಪೆಂಡ್ ಮಾಡಬಹುದು, ಇಲ್ಲಾಂದ್ರೆ ಅನಿರ್ದಿಷ್ಟ ಸಸ್ಪೆನ್ಷನ್, ಅಂದ್ರೆ ವಜಾ ಅಂತಲೇ ಅರ್ಥ. ಯಾವ ನಿಯಮ ಮುರಿದ, ಏನು ಮಾಡಿದ ಅಂತ ಬರೆದು 120 ಗಂಟೆ ಒಳಗೆ ಕಮಿಷನ್‌ಗೆ ಕೊಡ್ಲೇಬೇಕು, ನೌಕರ 10 ದಿನದಲ್ಲಿ ಅಪೀಲ್ ಹಾಕ್ಬೇಕು. ಘಟನೆ ಆಗಿ 180 ದಿನ ದಾಟಿದ್ಮೇಲೆ ಹಳೇದನ್ನ ಕೆದಕಿ ಸಸ್ಪೆಂಡ್ ಮಾಡೋ ಹಾಗಿಲ್ಲ, ಅದು ಕ್ರಿಮಿನಲ್ ಅಪರಾಧ ಅನ್ನೋದಾದ್ರೆ ಬೇರೆ ಲೆಕ್ಕ. ಮೇಷ್ಟ್ರ ದಾರ ಎರಡು ಸಲ ಬದಲಾಗೋಕೆ ಇಲ್ಲಿ ಟೈಮೇ ಇರಲ್ಲ.

ಆದ್ರೆ ಸ್ವರ್ಗ ಅಂದ್ಕೋಬೇಡಿ. ಗಿರ್ಮಿಟ್ ಅವರು ಹೇಳಿದ ಸಿಟ್ಟು ಇಲ್ಲೂ ಇದೆ, ಚೀಫ್ ವಜಾ ಮಾಡಿದ ಪೊಲೀಸು ಅಪೀಲಲ್ಲಿ ಗೆದ್ದು ವಾಪಸ್ ಬಂದ ಅಂತ ಜನ ಬೈತಾನೇ ಇರ್ತಾರೆ. ಆಂಬುಲೆನ್ಸ್ ವಿಷಯನೂ ಅದೇ ಗೋಳು, ಫೈರ್ ಡಿಪಾರ್ಟ್‌ಮೆಂಟ್ ಒಳಗಿದ್ರೆ ರಕ್ಷಣೆ, ಖಾಸಗಿ ಕಂಪನಿ ಗಾಡಿ ಆದ್ರೆ ಏನೂ ಇಲ್ಲ. ನಮ್ಮ ಆಸ್ಟಿನ್‌ನಲ್ಲಿ ಆಂಬುಲೆನ್ಸ್‌ನೋರು ಸಿಟಿ ನೌಕರರೇ ಆಗಿದ್ರೂ ಪೊಲೀಸ್ ಫೈರ್ ಸಾಲಿಗೆ ಸೇರಿದ್ದು 2012ರಲ್ಲಿ, ಅದೂ ಊರಿನವರು ವೋಟ್ ಹಾಕಿದ ಮೇಲೆ.

ಬೆಂಚ್ ಮೇಲಿನ ಅಭ್ಯರ್ಥಿ:

ಕಮಿಷನ್ ಅಂದ ತಕ್ಷಣ ನಗು ಬಂತು ಸಾರ್. 2021ರ ಅಕ್ಟೋಬರ್ 3ಕ್ಕೆ 545 ಪಿಎಸ್‌ಐ ಪೋಸ್ಟ್‌ಗೆ ಪರೀಕ್ಷೆ ಬರೆದೋನು ನಾನು. ನೇಮಕಾತಿ ಮಾಡೋದು ಪೊಲೀಸ್ ಇಲಾಖೆಯ ವಿಭಾಗವೇ, ಓಎಂಆರ್ ಶೀಟ್ ತಿದ್ದಿದ ಕೇಸಲ್ಲಿ ಆ ವಿಭಾಗದ ಎಡಿಜಿಪಿನೇ ಅರೆಸ್ಟ್ ಆದ್ರು, ಪರೀಕ್ಷೆ ರದ್ದು, ಮತ್ತೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಮರುಪರೀಕ್ಷೆ ಮಾಡಿದ್ದು 2024ರ ಜನವರಿಲಿ, ಅಷ್ಟೊತ್ತಿಗೆ ನನ್ನ ತಲೆ ಮುಂದುಗಡೆ ಖಾಲಿ. ಹೊರಗಿನ ಸಂಸ್ಥೆ ಮಾಡಿದ್ರೆ ಸರಿ ಹೋಗುತ್ತೆ ಅಂತೀರಾ, ಕೆಪಿಎಸ್‌ಸಿ (ರಾಜ್ಯ ಲೋಕಸೇವಾ ಆಯೋಗ) 2011ರ 362 ಹುದ್ದೆ ಅಕ್ರಮದ ಕಥೆ ಮರೆತುಹೋಯ್ತಾ? ಆದ್ರೂ ತನ್ನ ಮನೆ ಮಕ್ಕಳಿಗೆ ತಾನೇ ಮಾರ್ಕ್ಸ್ ಹಾಕೋದಕ್ಕಿಂತ ಬೇರೆಯವರು ಹಾಕೋದು ವಾಸಿ, ಅಷ್ಟು ಹೇಳಬಲ್ಲೆ.

ಇನ್ನೊಂದು, ರಾಜ ಅವರೇ, ನಿಮ್ಮಣ್ಣನಿಗೆ ಇಲ್ಲದ್ದು ನಿಮಗೊಂದಿದೆ. 1966ರ ಕಾಯ್ದೆ ಇರೋದ್ರಿಂದ ಪೊಲೀಸರು ಯೂನಿಯನ್ ಕಟ್ಟೋಕಾಗಲ್ಲ. 2016ರ ಜೂನ್ 4ಕ್ಕೆ ಸಾಮೂಹಿಕ ರಜೆ ಅಂತ ಹೊರಟಿದ್ರಲ್ಲ, ಮುಂದೆ ನಿಂತೋರನ್ನ ಜೈಲಿಗೇ ಹಾಕಿದ್ರು. ನೀವು ಡ್ರೈವರ್‌ಗಳು ಹತ್ತು ಜನ ಸೇರಿ ಲೇಬರ್ ಆಫೀಸಿಗೆ ಹೋದ್ರೆ ಯಾರೂ ತಡೆಯೋ ಹಾಗಿಲ್ಲ.

ಸ್ಟ್ರೆಚರ್ ರಾಜ:

ಎಲ್ಲರಿಗೂ ಥ್ಯಾಂಕ್ಸ್. ಹತ್ತು ಜನ ಸಿಗಲಿಲ್ಲ ಸಾರ್, ಮೂವರು ಬಂದ್ರು, ಇನ್ನುಳಿದೋರಿಗೆ ಹೊಸ ಟೆಂಡರ್ ಭಯ. ಲೇಬರ್ ಇನ್‌ಸ್ಪೆಕ್ಟರ್ ಅರ್ಜಿ ತಗೊಂಡು ಸೀಲ್ ಹಾಕಿ ಕಾಪಿ ಕೊಟ್ಟಿದ್ದಾರೆ, ಏಜೆನ್ಸಿಗೆ ನೋಟಿಸ್ ಹೋಗುತ್ತೆ ಅಂದ್ರು. ಮೇಷ್ಟ್ರೇ, ಲಾಗ್‌ಬುಕ್ ಕೇಳೋಕೆ ಆಸ್ಪತ್ರೆಗೆ ಹೋದ್ರೆ ಆಫೀಸಲ್ಲಿ ಏಜೆನ್ಸಿನ ಕೇಳಿ ಅಂದ್ರು, ಏಜೆನ್ಸಿಯೋರು ಆಸ್ಪತ್ರೆಲಿದೆ ಅಂದ್ರು, ನೀವು ಹೇಳಿದ ಹಾಗೇ ಆಯ್ತು.

ಆದ್ರೆ ನಿನ್ನೆ ರಾತ್ರಿ ಹನ್ನೊಂದೂವರೆಗೆ ಹೊಸ ಡ್ರೈವರ್ ಫೋನ್ ಮಾಡ್ದ. ಪಾಪದ ಹುಡುಗ. ಆಕ್ಸಿಜನ್ ಸಿಲಿಂಡರ್ ಕೀ ಸಿಗ್ತಿಲ್ಲ ಅಣ್ಣ, ಒಳಗೆ ಪೇಷಂಟ್ ಇದ್ದಾರೆ ಅಂತ. ಡ್ರೈವರ್ ಸೀಟ್ ಕೆಳಗೆ ಹಳೇ ಬನಿಯನ್‌ನಲ್ಲಿ ಸುತ್ತಿಟ್ಟಿದ್ದೀನಿ ನೋಡು ಅಂದೆ. ವಾಪಸ್ ಬಂದು ಮೂರು ಗಂಟೆಗೆ ಅವನೇ ಆ ದಿನದ ಲಾಗ್‌ಬುಕ್ ಪುಟದ ಫೋಟೋ ಕಳಿಸಿದ್ದಾನೆ, ನಾನೇ ಬರೆದಿದ್ದು ಇದೆ ಅದರಲ್ಲಿ, ಡೀಸೆಲ್ ಸ್ವಂತ ಹಣ 1,500, ಕೆಳಗೆ ಡ್ಯೂಟಿ ನರ್ಸ್ ಸಹಿ.